ಕುದುರೆಗಾಗಿ ಕೇಳಿದ ಹೂವು

ಪಟಾನ್‌ಚೆರು ಬಂತೆಂದು ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತದೆ. ಹೋದ ತಿಂಗಳು ಬೀದರಿನಿಂದ ಹೈದರಾಬಾದಿಗೆ ಬರುವಾಗ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದೆ. ಔಷಧ ಕಾರ್ಖಾನೆಗಳ ಆ ವಾಸನೆ, ಕೊಳೆತ ಎಲೆಕೋಸಿನ ಮೇಲೆ ಫಿನಾಯಿಲು ಸುರಿದಂಥ ವಾಸನೆ, ಮಳೆಯ ಎರಚಲಿನ ಜೊತೆ ಬಸ್ಸಿನೊಳಗೆ ನುಗ್ಗಿತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು. ಹೆದ್ದಾರಿಯ ಬಲಬದಿಗೆ ಒಂದು ಕಾಲಕ್ಕೆ ಇದ್ದ ರಿಸಾರ್ಟನ್ನು ಕಣ್ಣು ಹುಡುಕಿತು. ಅದು ಇರಲಿಲ್ಲ. ಆ ಜಾಗದಲ್ಲಿ ಟೈಲ್ಸ್ ಗೋದಾಮೊಂದು ಎದ್ದಿದೆ. ಹಾಳಾಗಿ ಹೋಯಿತಲ್ಲ ಎಂದು ಖುಷಿಪಡಬಹುದಿತ್ತು. ಆಗಲಿಲ್ಲ. ನಾನು ಅದನ್ನು ಬೈಯುವುದು ಇನ್ನೂ ಮುಗಿದಿರಲಿಲ್ಲ.

ಹೈದರಾಬಾದು ಇನ್ನೂ ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿಯಾಗಿದ್ದ ಕಾಲ. ಊರ ತುಂಬ ಫ್ಲೈಓವರಿಗಾಗಿ ಅಗೆದ ಗುಂಡಿಗಳು, ಗುಂಡಿಗಳ ತುಂಬ ನೀರು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಕಂಡದ್ದನ್ನೆಲ್ಲ ಅನುಮಾನಿಸುತ್ತ ಮನೆಯಲ್ಲಿದ್ದೆ. ಆ ಮಳೆಗಾಲದಲ್ಲಿ ಪ್ರತಿ ಶನಿವಾರವೂ ಮಳೆ ಬರುತ್ತಿತ್ತೆಂದು ನನ್ನ ನೆನಪು ಹೇಳುತ್ತದೆ. ಹಾಗೆ ಆಗಿರಲಾರದು. ಬೇಡವಾದ ದಿನಗಳಿಗೆಲ್ಲ ಮನಸ್ಸು ಆಮೇಲೆ ಮಳೆ ಸುರಿಸಿರಬೇಕು. ಹೀಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬದವನು. ಓದುವವರೂ ಸ್ವಲ್ಪ ಕಡಿತ ಮಾಡಿಕೊಂಡೇ ಓದಬೇಕು.

ನಮ್ಮದು ಮೂಲತಃ ಬಾಗಲಕೋಟೆ ಕಡೆಯ ಮನೆತನ. ಅಜ್ಜ ನಿಜಾಮರ ಕಾಲದಲ್ಲಿ ನೌಕರಿಗೆ ಬಂದು ಇಲ್ಲೇ ಉಳಿದವರು. ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ ಕೆಳಗೆ ನಾವು, ಮೇಲೆ ಅಪ್ಪನ ತಮ್ಮ ವಸಂತ ಕಾಕಾ ಮತ್ತು ಅವನ ಹೆಂಡತಿ ಇಂದಿರಾ ಕಾಕು. ಅವರಿಗೆ ಮಕ್ಕಳಿರಲಿಲ್ಲ. ಊರು ಬಿಟ್ಟರೂ ಮನೆದೇವರು ವೆಂಕಪ್ಪನನ್ನು ಬಿಟ್ಟಿರಲಿಲ್ಲ. ಅವನ ಪೂಜೆ ಮೇಲಿನ ಮನೆಯಲ್ಲಿ, ಕಾಕುವಿನ ಕೈಯಲ್ಲಿ.

ನಮ್ಮಲ್ಲಿ ದೇವರಿಗೆ ಪ್ರಸಾದ ಕೇಳುವ ರೂಢಿ ಇದೆ. ಎರಡು ಹೂವನ್ನು ನೀರಲ್ಲಿ ಅದ್ದಿ ದೇವರ ಮೂರ್ತಿಗೆ ಬಲಕ್ಕೊಂದು ಎಡಕ್ಕೊಂದು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿ ಕೈಮುಗಿದು ಕೂರುವುದು. ಬಲದ್ದು ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಅಪ್ಪ ಮನೆ ಕೊಂಡದ್ದು, ನನ್ನ ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟದ್ದು, ಎಲ್ಲ ಹೀಗೆ ಕೇಳಿಯೇ. ಕಾಕು ಸುಮ್ಮಸುಮ್ಮನೆ ಕೇಳುವವಳಲ್ಲ. ವರ್ಷಕ್ಕೆ ಒಂದೆರಡು ಸಲ, ನಿಜವಾಗಿ ಕಂಗೆಟ್ಟಾಗ ಮಾತ್ರ ಕೇಳುತ್ತಿದ್ದಳು.

ಕಾಕಾ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್. ಆ ವರ್ಷ ಅವನನ್ನು ಪಟಾನ್‌ಚೆರು ಕಡೆಗೆ ಹಾಕಿದ್ದರು. ರಿಸಾರ್ಟಿಗೆ ಹೊಸ ಲೈನು ಎಳೆಸಿಕೊಟ್ಟದ್ದು ಅವನೇ. ಅಲ್ಲಿಯ ಮ್ಯಾನೇಜರು ಕೃತಜ್ಞತೆಗೆ ಒಂದು ಶನಿವಾರ ಊಟಕ್ಕೆ ಕರೆದ. ಉಂಡ ಮೇಲೆ ಒಳಗಿನ ಹಾಲಿಗೆ ಕರೆದುಕೊಂಡು ಹೋಗಿ ಕೂರಿಸಿದ. ಅಲ್ಲಿಂದ ಕಾಕಾ ಎದ್ದದ್ದು ಬೇರೆ ಮನುಷ್ಯನಾಗಿ.

ಆ ಜಾಗವನ್ನು ನಾನೂ ಒಮ್ಮೆ ನೋಡಿದೆ. ಕಾಕಾನೇ ಒತ್ತಾಯ ಮಾಡಿ ಕರೆದೊಯ್ದ. "ನೀ ಸ್ಟ್ಯಾಟಿಸ್ಟಿಕ್ಸ್ ಓದಿದಾಂವ, ಸ್ವಲ್ಪ ತಲಿ ಓಡಸು ಬಾ" ಎಂದ. ಹೆದ್ದಾರಿಗೆ ಮುಖ ಮಾಡಿ ಬಣ್ಣದ ಬಲ್ಬುಗಳಲ್ಲಿ ಕ್ಯಾಸಿನೊ ಎಂದು ಬರೆದಿತ್ತು. ಒಳಗೆ ಕ್ಯಾಸಿನೊ ಎಂಬುದೇನೂ ಇರಲಿಲ್ಲ. ಇಸ್ಪೀಟಿನ ಮೇಜುಗಳು, ತೇವ ಹಿಡಿದ ಕಾರ್ಪೆಟ್ಟು, ಗೋಡೆಗೆ ಟೀವಿಗಳು, ಸಿಗರೇಟು ಮತ್ತು ಹಳಸಿದ ಬಿರಿಯಾನಿಯ ವಾಸನೆ. ಟೀವಿಯಲ್ಲಿ ಬೆಂಗಳೂರಲ್ಲೋ ಪುಣೆಯಲ್ಲೋ ಕುದುರೆಗಳು ಓಡುತ್ತಿದ್ದವು. ಸಫಾರಿ ಸೂಟಿನ ಗಂಡಸರು ಕುರ್ಚಿಯ ತುದಿಗೆ ಕೂತು, ಆ ಕುದುರೆಗಳ ತಾಯಿತಂದೆಯರ ಸಮೇತ ತೆಲುಗಿನಲ್ಲಿ ಬೈಯುತ್ತಿದ್ದರು. ಮೂಲೆಯ ಮೇಜಿನಲ್ಲಿ ಒಬ್ಬ ಬಾಜಿ ಬರೆದುಕೊಳ್ಳುತ್ತಿದ್ದ. ಅವನೊಬ್ಬನೇ ಟೀವಿಯ ಕಡೆ ನೋಡುತ್ತಿರಲಿಲ್ಲ. ನೋಡುವ ಅಗತ್ಯ ಅವನಿಗಿರಲಿಲ್ಲ. ಯಾವ ಕುದುರೆ ಗೆದ್ದರೂ ಅವನು ಗೆಲ್ಲುತ್ತಿದ್ದ.

ಗೇಟಿನ ಬಳಿ ಮಾತ್ರ ಒಂದು ನಿಜವಾದ ಕುದುರೆ ಇತ್ತು. ಮದುವೆ ಮೆರವಣಿಗೆಯಲ್ಲಿ ಬಳಸಿ ಬಳಸಿ ಬೆನ್ನು ಹುಣ್ಣಾದ ಬಿಳಿ ಕುದುರೆ, ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸಲು ಕಟ್ಟಿದ್ದರು. ಕಣ್ಣಿಗೆ ನೊಣ ಮುತ್ತಿದ್ದವು. ಒಳಗೆ ಇಷ್ಟೊಂದು ಕುದುರೆಪ್ರೇಮಿಗಳಿದ್ದರು, ಹೊರಗೆ ಆ ನೊಣ ಓಡಿಸುವವರು ಒಬ್ಬರೂ ಇರಲಿಲ್ಲ.

"ಕಾಕಾ, ಕುದರಿನ ನೋಡಬೇಕಂದ್ರ ಮಲಕಪೇಟಕ್ಕ ಹೋಗು. ಮನೀ ಹತ್ರನ ಖರೇ ಕುದರಿ ಓಡ್ತಾವು. ಇಷ್ಟು ದೂರ ಬಂದು ಟೀವಿ ನೋಡ್ತಿಯಲ್ಲ?" ಎಂದೆ.

"ಅಲ್ಲಿ ಭಾಳ ಗದ್ದಲ. ಇಲ್ಲಿ ಏಸಿ ಐತಿ, ಮರ್ಯಾದಿ ಐತಿ. ಅಲ್ಲಿ ನನಗ ಸರ್ ಅಂತಾರೇನು?"

ಅವತ್ತು ಅವನು ಸೋತ. ಅದರ ಮರುವಾರವೂ ಸೋತ. ಆಮೇಲಿನ ಶನಿವಾರ ಬೆಳಿಗ್ಗೆ, ಆಷಾಢ ಮುಗಿಯುತ್ತ ಬಂದಾಗ, ಅವನು ಪೂಜೆಗೆ ಕೂತ ಕಾಕುವಿನ ಹಿಂದೆ ರೇಸಿನ ಹಾಳೆ ಹಿಡಿದು ನಿಂತ. ನಾನು ಹೂ ಕೊಡಲು ಮೇಲೆ ಹೋಗಿದ್ದೆ.

"ಇಂದೂ, ವೆಂಕಪ್ಪಗ ಒಂದು ಮಾತು ಕೇಳಬೇಕಾಗೇತಿ."

"ಏನ್ರಿ? ಟ್ರಾನ್ಸ್‌ಫರಿಂದೇನು?"

"ಅಲ್ಲ. ನಾಕನೇ ನಂಬರ್ ಕುದರಿ."

ಕಾಕು ತಿರುಗಿ ನೋಡಿದಳು. ಮೊದಲು ನಕ್ಕಳು. ಅವನು ನಗದೇ ನಿಂತದ್ದು ಕಂಡು ನಗು ನಿಲ್ಲಿಸಿದಳು. "ದೇವರಿಗೆ ಕುದರಿ ಕೇಳ್ತಾರೇನ್ರಿ? ನಾಚಿಗಿ ಬರೂದಿಲ್ಲೇನು?"

"ಅಂವನೂ ಲಕ್ಷ್ಮೀ ಗಂಡ. ರೊಕ್ಕದ ಮಾತು ಅಂವಗ ತಿಳೀತೈತಿ. ಒಂದ ಸಲ. ನನ್ನಾಣಿ."

ಗಂಡ ಆಣೆ ಹಾಕಿದ್ದಕ್ಕೆ ದೇವರಿಗೆ ಕೇಳಿದಳು. ಬಲದ ಹೂ ಬಿತ್ತು. ಸಂಜೆ ಆ ಕುದುರೆ ಗೆದ್ದಿತು. ಸೋತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಆ ಕುದುರೆಯ ಮೇಲೆ ಈಗಲೂ ಸಿಟ್ಟಿದೆ.

ಶ್ರಾವಣದಲ್ಲಿ ಪ್ರತಿ ಶನಿವಾರ ಇದೇ ಆಯಿತು. ಮೊದಲು ಒಂದು ಕುದುರೆಗೆ ಕೇಳುತ್ತಿದ್ದದ್ದು, ಆಮೇಲೆ ಒಂದೊಂದು ರೇಸಿಗೆ, ಆಮೇಲೆ ರೇಸಿನ ಪ್ರತಿಯೊಂದು ಕುದುರೆಗೂ. ವೆಂಕಪ್ಪ ಒಂದೇ ರೇಸಿನಲ್ಲಿ ಮೂರು ಕುದುರೆಗಳಿಗೆ ಬಲದ ಹೂ ಕೊಟ್ಟ ದಿನ ನಾನು ಅಲ್ಲೇ ಇದ್ದೆ.

"ಈಗೇನಂತಿ ಕಾಕಾ? ಮೂರೂ ಹೆಂಗ ಗೆಲ್ತಾವು?"

ಕಾಕಾ ಕ್ಷಣವೂ ತಡವರಿಸಲಿಲ್ಲ. "ಶ್ರೀಧ್ಯಾ, ನಿನಗ ಬರೇ ಪುಸ್ತಕದ ಬುದ್ಧಿ. ಫಸ್ಟು, ಸೆಕೆಂಡು, ಥರ್ಡು ಮೂರೂ ಹೇಳ್ಯಾನ ನೋಡು!"

ಗೆದ್ದರೆ ವೆಂಕಪ್ಪ ಕೊಟ್ಟ. ಸೋತರೆ ಕಾಕು ಮಡಿಯಲ್ಲಿರಲಿಲ್ಲ, ಹೂವಿಗೆ ನೀರು ಹೆಚ್ಚಾಗಿತ್ತು, ಇಲ್ಲವೆ ಮನಸ್ಸು ಬೇರೆಲ್ಲೋ ಇತ್ತು. ಗೆದ್ದದ್ದಷ್ಟೇ ಅವನಿಗೆ ನೆನಪಿರುತ್ತಿತ್ತು. ಸುಲ್ತಾನ್ ಬಜಾರಿನಿಂದ ಕಾಕುವಿಗೆ ಸೀರೆ ತಂದ, ಅದನ್ನು ಎಲ್ಲರಿಗೂ ತೋರಿಸಿದ. ಏನೂ ತರದ ಶನಿವಾರಗಳನ್ನು ಯಾರಿಗೂ ತೋರಿಸಲಿಲ್ಲ.

ನನಗೆ ತಡೆದುಕೊಳ್ಳಲಾಗಲಿಲ್ಲ. ಒಂದು ಮಧ್ಯಾಹ್ನ ಕಾಕು ಮಲಗಿದ್ದಾಗ ಸ್ನಾನ ಮಾಡಿ ದೇವರ ಮುಂದೆ ಕೂತೆ. ಏನೂ ಕೇಳದೆ ಬರೀ ಹೂ ಅಂಟಿಸುತ್ತ, ಬೀಳುವುದನ್ನು ನೋಡುತ್ತ ಹೋದೆ. ಬಲದ್ದೇ ಹೆಚ್ಚು ಸಲ ಮೊದಲು ಬಿತ್ತು. ಬಲಕ್ಕೆ ಕಿಟಕಿ ಇತ್ತು, ಗಾಳಿ ಆ ಕಡೆಯಿಂದ ಬರುತ್ತಿತ್ತು. ಇಷ್ಟೇ ವಿಷಯ! ಗೆದ್ದವನ ಹಾಗೆ ಕಾಕುವನ್ನು ಎಬ್ಬಿಸಿ ಹೇಳಿದೆ.

ಅವಳು ಸೆರಗು ಸರಿಮಾಡಿಕೊಳ್ಳುತ್ತ ಕೇಳಿಸಿಕೊಂಡಳು. "ಏನು ಕೇಳಿದಿ ಅಂವಗ?"

"ಏನೂ ಕೇಳಲಿಲ್ಲ."

"ಮತ್ತ ಅಂವ ಏನು ಹೇಳಬೇಕು? ಏನೂ ಕೇಳದ ಹೂ ಇಟ್ಟರ ಗ್ವಾಡಿಗೆ ಇಟ್ಟಂಗ ಆತು." ತಲೆದಿಂಬು ಸರಿಸಿಟ್ಟು, "ನಿಮ್ಮ ಕಾಕಾ ಕುದರಿ ಕೇಳ್ತಾನ, ನೀ ಗಾಳಿ ಕೇಳ್ತಿ. ಇಬ್ಬರೂ ಕೂಡಿ ನನ್ನ ದೇವರನ್ನ ಆಟಿಗಿ ಸಾಮಾನು ಮಾಡೀರಿ" ಎಂದಳು. ಎದ್ದು ಹೋಗುವಾಗ ಗೋಡೆ ಹಿಡಿದುಕೊಂಡಳು. ನಾನು ಅದನ್ನು ನೋಡಿದೆನೆಂದು ಈಗ ಅನ್ನಿಸುತ್ತದೆ. ಆಗ ನೋಡಿದ್ದೆನೋ, ಆಮೇಲೆ ಆದದ್ದು ಗೊತ್ತಾದ ಮೇಲೆ ಸೇರಿಸಿಕೊಂಡೆನೋ, ಹೇಳಲಾರೆ.

ಕಾಕು ಬೇಸಿಗೆಯಿಂದಲೇ ಬಳಲುತ್ತಿದ್ದಳಂತೆ. ತಿಂಗಳಲ್ಲಿ ಅರ್ಧದಷ್ಟು ದಿನಗಳು ರಕ್ತ ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಭಾದ್ರಪದ ಹತ್ತಿರವಾದಾಗ ಸ್ನಾನದ ಮನೆಯಲ್ಲಿ ತಲೆ ತಿರುಗಿ ಬಿದ್ದಳು. ಅಮ್ಮ ಎಳೆದುಕೊಂಡು ಹೋಗಿ ನಾರಾಯಣಗುಡಾದ ಒಬ್ಬ ಡಾಕ್ಟರಮ್ಮನ ಬಳಿ ತೋರಿಸಿದಳು. ಗರ್ಭಚೀಲದಲ್ಲಿ ಗಡ್ಡೆ. ತೆಗೆಯಬೇಕು, ಗರ್ಭಚೀಲದ ಸಮೇತ ತೆಗೆಯಬೇಕು. ಕೆಟ್ಟ ಗಡ್ಡೆಯೋ ಅಲ್ಲವೋ ತೆಗೆದ ಮೇಲೆಯೇ ಗೊತ್ತಾಗುವುದು. ಮೈಯಲ್ಲಿ ರಕ್ತವೇ ಇಲ್ಲ, ತಡ ಮಾಡಬೇಡಿ ಎಂದು ಡಾಕ್ಟರಮ್ಮ ಗದರಿದರಂತೆ.

ಕಾಕು ಒಂದೇ ಮಾತು ಹೇಳಿದಳು: "ಪ್ರಸಾದ ಆಗಲಿ, ಮಾಡಿಸ್ಕೋತೀನಿ."

ಅಮ್ಮನಿಗೆ ಸಮಾಧಾನವಾಯಿತು. ಒಂದು ಹೂವಿನ ಮಾತಲ್ಲವೇ ಎಂದುಕೊಂಡಳು. ಮರುದಿನ ಕಾಕು ದೇವರ ಮುಂದೆ ಕೂತಳು. ನಾವೆಲ್ಲ ಹಿಂದೆ ನಿಂತೆವು. ಹೂ ಅದ್ದಿದಳು, ಕೈ ಮೂರ್ತಿಯವರೆಗೆ ಹೋಯಿತು, ಅಂಟಿಸದೆ ವಾಪಸು ಬಂತು. ಇನ್ನೊಮ್ಮೆ ಹೋಯಿತು, ಇನ್ನೊಮ್ಮೆ ಬಂತು.

"ಯಾಕ ಇಂದಿರಾ?" ಎಂದಳು ಅಮ್ಮ.

"ಹೆಂಗ ಕೇಳಲಿ ವೈನಿ? ಬಲಗಡಿ ಬಿದ್ದರ ನನಗ ಏಳನೇ ನಂಬರ್ ಕುದರಿ ನೆನಪಾಗ್ತೈತಿ. ಅದಕ್ಕೂ ಬಲಗಡೀನ ಕೊಟ್ಟಿದ್ದ. ಅದು ಕಡೀಕ ಬಂತು." ಹೂವನ್ನು ತಟ್ಟೆಗೆ ವಾಪಸು ಇಟ್ಟಳು. "ಅಂವ ನನ್ನ ಜೋಡಿ ಮಾತಾಡ್ತಿದ್ದ. ಈಗ ಖರೇ ಮಾತಾಡ್ತಾನೋ ಬಾಜಿ ಹೇಳ್ತಾನೋ ನನಗ ತಿಳೀವಲ್ದು."

ಕಾಕಾ ಬಾಗಿಲಲ್ಲಿ ನಿಂತಿದ್ದ. ಕನ್ನಡಕ ತೆಗೆದು ಒರೆಸಿದ. ಅಂಥ ಹೊತ್ತಿನಲ್ಲೂ ಅವನ ಬಾಯಿಂದ ಬಂದದ್ದು, "ಅದು ಜಾಕಿ ತಪ್ಪು ಇಂದೂ, ವೆಂಕಪ್ಪಂದಲ್ಲ" ಎಂಬ ಮಾತು. ಅವನನ್ನು ಅಷ್ಟು ಕೆಟ್ಟದಾಗಿ ಬೈಯಬೇಕೆಂದು ನನಗೆ ಜೀವನದಲ್ಲಿ ಮತ್ತೆಂದೂ ಅನ್ನಿಸಿಲ್ಲ.

ಅದಾದ ಮೇಲೆ ನಾವು ಒಬ್ಬೊಬ್ಬರೇ ಅವಳಿಗೆ ಹೇಳಿದೆವು. ಅಪ್ಪ ಗದರಿದ. ಅಮ್ಮ ಅತ್ತಳು. ನಾನು ಗಡ್ಡೆಗಳಲ್ಲಿ ಕೆಟ್ಟವು ಎಷ್ಟು ಅಪರೂಪ ಎಂದು ವಿವರಿಸಿದೆ. "ನಿನ್ನ ಮಾತೂ ಬಾಜೀನ ಆತಲ್ಲೋ" ಎಂದಳು ಕಾಕು. ಗಣಪತಿ ಹಬ್ಬ ಬಂತು. ಹಬ್ಬ ಮುಗಿಯಲಿ ಎಂದಳು. ಆಮೇಲೆ ಪಕ್ಷಮಾಸ, ಅದರಲ್ಲಿ ಏನನ್ನೂ ಕೇಳುವ ಹಾಗಿಲ್ಲ. ಆಮೇಲೆ ನವರಾತ್ರಿ, ದೇವರಿಗೆ ಹಗಲೂ ರಾತ್ರಿ ದೀಪ, ಮನೆ ಬಿಡುವಂತಿಲ್ಲ. ದಿನಗಳನ್ನು ಅವಳು ಒಂದರ ಮೇಲೊಂದು ಇಟ್ಟು ಗೋಡೆ ಕಟ್ಟುತ್ತಿದ್ದಳು. ಅವಳ ತುಟಿ, ಉಗುರು ಎಲ್ಲ ಸುಣ್ಣದ ಬಣ್ಣಕ್ಕೆ ತಿರುಗಿದ್ದವು. ಮೆಟ್ಟಿಲ ಮಧ್ಯೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದಳು.

ಇಷ್ಟರ ನಡುವೆ ರಿಸಾರ್ಟಿನ ಮ್ಯಾನೇಜರು ಮನೆಗೆ ಬಂದ. ಕಾಕಾ ಅಲ್ಲಿ ಬಾಯಿಬಿಟ್ಟಿದ್ದ. ಮನೆಯಲ್ಲಿ ದೇವರು ಹೂ ಕೊಡುವ ಸುದ್ದಿ ಹಾಲ್ ತುಂಬ ಹರಡಿತ್ತು. ಮ್ಯಾನೇಜರು ತೆಳ್ಳಗಿನ, ನಯವಾದ, ಬೆರಳ ತುಂಬ ಉಂಗುರದ ಮನುಷ್ಯ. ಹಣ್ಣಿನ ಬುಟ್ಟಿ, ಆಳೆತ್ತರದ ಹಾರ ತಂದಿದ್ದ. ಕಾಕುವಿನ ಕಾಲಿಗೆ ಬಿದ್ದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ತನ್ನ ಯೋಜನೆ ಹೇಳಿದ. ಹಾಲಿನ ಪಕ್ಕಕ್ಕೇ ಅಮೃತಶಿಲೆಯ ದೇವರ ಕೋಣೆ ಕಟ್ಟಿಸುತ್ತಾನಂತೆ. ಅಮ್ಮಗಾರು ಶನಿವಾರ ಬಂದು ಒಂದೆರಡು ಗಂಟೆ ಕೂತರೆ ಸಾಕಂತೆ. ಗಾಡಿ ಕಳಿಸುತ್ತಾನಂತೆ. ದೊಡ್ಡ ದೊಡ್ಡವರು ಬರುತ್ತಾರಂತೆ.

ಕಾಕು ಪೂರ್ತಿ ಕೇಳಿದಳು. ಕಾಕಾನತ್ತ ತಿರುಗಿ ಕನ್ನಡದಲ್ಲಿ ಕೇಳಿದಳು: "ಇಂವ ನನಗ ಕುದರಿ ಅಂತಾನೋ, ದೇವರಿಗೆ ಕುದರಿ ಅಂತಾನೋ? ಇಬ್ಬರೊಳಗ ಯಾರನ್ನ ಓಡಸಾಂವ ಅದಾನ?"

ಮ್ಯಾನೇಜರು ಏನೆಂದರೆಂದು ಕೇಳಿದ. "ಯೋಚನೆ ಮಾಡ್ತಾಳಂತೆ" ಎಂದು ಕಾಕಾ ಹಿಂದಿಯಲ್ಲಿ ಸುಳ್ಳು ಹೇಳಿದ. ಅವನಿಗೆ ಆಗಲೂ ಆ ಮನುಷ್ಯನನ್ನು ಬೇಸರಪಡಿಸಲು ಆಗಲಿಲ್ಲ. ಸರ್ ಎಂದು ಕರೆಯುವವನು ಅವನೊಬ್ಬನೇ ಅಲ್ಲವೇ?

ಆ ಶನಿವಾರ ಗಾಡಿ ಬಂದೇ ಬಂತು. ಬಿಳಿ ಅಂಬಾಸಿಡರ್ ಎಂದು ನನ್ನ ನೆನಪು. ಅಪ್ಪ ನೀಲಿ ವ್ಯಾನು ಎನ್ನುತ್ತಾನೆ. ಗಲ್ಲಿಯ ತುದಿಯಲ್ಲಿ ನವರಾತ್ರಿಯ ದೇವಿ ಪೆಂಡಾಲು, ಲೌಡ್‌ಸ್ಪೀಕರಿನ ಅಬ್ಬರ. ಅದರ ಮೇಲೆ ಗಾಡಿಯ ಹಾರನ್ನು. ನಾನು ಸಿಟ್ಟಿನಲ್ಲಿ ಮೆಟ್ಟಿಲು ಹತ್ತಿದೆ, ಡ್ರೈವರನ್ನು ಅಟ್ಟಲು ಕಾಕಾನ ಅಪ್ಪಣೆ ಬೇಕೆಂದಲ್ಲ, ಕಾಕಾನನ್ನೇ ಮೊದಲು ಅಟ್ಟಬೇಕೆಂದು.

ಕಾಕು ದೇವರ ಮುಂದೆ ಕೂತಿದ್ದಳು. ಮೂರ್ತಿಗೆ ಎರಡು ಹೂ ಅಂಟಿಸಿದ್ದಳು, ಬಲಕ್ಕೊಂದು ಎಡಕ್ಕೊಂದು ಸೇವಂತಿಗೆ. ಕಾಕಾ ಅವಳ ಪಕ್ಕ ಕೂತಿದ್ದ. ಅವನ ಕೈಯಲ್ಲಿ ರೇಸಿನ ಹಾಳೆ ಇರಲಿಲ್ಲ. ಕಣ್ಣು ಮಿಟುಕಿಸದೆ ಬಲದ ಹೂವನ್ನೇ ನೋಡುತ್ತಿದ್ದ. ಟೀವಿಯ ಮುಂದೆಯೂ ಅವನು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಕೇಳ್ಯಾಳೇನು?" ಎಂದು ಪಿಸುಗುಟ್ಟಿದೆ.

ತುಟಿಯ ಮೇಲೆ ಬೆರಳಿಟ್ಟ. ಕೇಳಿದ್ದಾಳೆ ಎಂದರ್ಥ.

ಹೂ ಬೀಳಲಿಲ್ಲ. ಎರಡೂ. ಕಿಟಕಿ ತೆರೆದಿತ್ತು, ಗಾಳಿ ಬರುತ್ತಿತ್ತು, ದೀಪದ ಕುಡಿ ಅಲ್ಲಾಡುತ್ತಿತ್ತು. ನನ್ನ ಸಿದ್ಧಾಂತದ ಪ್ರಕಾರ ಯಾವಾಗಲೋ ಬಲದ್ದು ಬೀಳಬೇಕಿತ್ತು. ಬೀಳು ಬೀಳು ಎಂದು ನಾನು ಮನಸ್ಸಿನಲ್ಲೇ ಅರಚುತ್ತಿದ್ದೆ, ಹಾಲಿನಲ್ಲಿ ಕುರ್ಚಿಯ ತುದಿಗೆ ಕೂತ ಸಫಾರಿ ಸೂಟಿನವರ ಹಾಗೆ. ಕೆಳಗೆ ಹಾರನ್ನು ಬಡಿದುಕೊಳ್ಳುತ್ತಲೇ ಇತ್ತು. ಕಾಕಾನ ಹಣೆಯಿಂದ ಬೆವರು ಮೂಗಿಗಿಳಿಯಿತು.

ಎಷ್ಟು ಹೊತ್ತಾಯಿತೋ. ಕಾಕು ಒಂದು ಉಸಿರು ಬಿಟ್ಟಳು. ಕೈ ಚಾಚಿ ಬಲದ ಹೂ ತೆಗೆದಳು, ಮುಡಿಗೆ ಸಿಕ್ಕಿಸಿಕೊಂಡಳು. ಎಡದ್ದನ್ನು ಅಲ್ಲೇ ಬಿಟ್ಟಳು. ಎದ್ದು ನಿಲ್ಲಲು ನನ್ನ ತೋಳು ಹಿಡಿದಳು. ಅವಳ ಕೈ ತಣ್ಣಗಿತ್ತು.

"ಏನಾತು ಇಂದೂ? ವೆಂಕಪ್ಪ ಏನೂ ಹೇಳಲಿಲ್ಲಲ್ಲ?" ಕಾಕಾನ ಧ್ವನಿ ಮಗುವಿನ ಧ್ವನಿಯಾಗಿತ್ತು.

"ಡಾಕ್ಟರ್ ಹೇಳ್ಯಾಳಲ್ಲ. ನಡೀರಿ."

ಮೆಟ್ಟಿಲಿಳಿದು ಅವಳು ನೇರ ರಿಸಾರ್ಟಿನ ಗಾಡಿಯ ಹತ್ತಿರ ಹೋದಳು. ಡ್ರೈವರು ಇಳಿದು ಬಂದು ಬಾಗಿಲು ತೆರೆದ. ಅಮ್ಮಗಾರು ಬಂದೇ ಬಿಟ್ಟರೆಂದು ಅವನ ಮುಖ ಅರಳಿತ್ತು. ಕಾಕು ಹಿಂದೆ ಕೂತು, ಕಾಕಾನಿಗೆ ಜಾಗ ಮಾಡಿ, "ನಾರಾಯಣಗುಡಾ ಚಲೋ. ದವಾಖಾನಾ" ಎಂದಳು.

"ಅಮ್ಮಾ, ಯೇ ರಿಸಾರ್ಟ್ ಕೀ ಗಾಡಿ ಹೈ. ಮ್ಯಾನೇಜರ್ ಸಾಬ್ ಗುಸ್ಸಾ ಹೋತೇ."

"ಹೋನೇ ದೋ. ಪೈಲೇ ದವಾಖಾನಾ."

ಡ್ರೈವರು ಕಾಕಾನತ್ತ ನೋಡಿದ. ಕಾಕಾ ಏನು ಹೇಳುತ್ತಾನೋ ಎಂದು ನಾನೂ ನೋಡಿದೆ. ಅವನು ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಂತ. ಆಮೇಲೆ ಒಳಗೆ ಕೂತ, ಬಾಗಿಲನ್ನು ತಾನೇ ಎಳೆದುಕೊಂಡ. "ಮೇಡಂ ಹೇಳಿದಂಗ ನಡಿ" ಎಂದ, ಕನ್ನಡದಲ್ಲೇ. ಡ್ರೈವರಿಗೆ ಅರ್ಥವಾಯಿತು.

ಗಡ್ಡೆ ತೆಗೆದರು. ಕೆಟ್ಟದ್ದಿರಲಿಲ್ಲ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಗಡ್ಡೆ ಕೆಟ್ಟದ್ದಲ್ಲದೆಯೂ ನೀವು ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಕಾಕುವಿಗೆ ಬೈದರು. ಕಾಕಾನಿಗೆ ಅದಕ್ಕಿಂತ ಹೆಚ್ಚು ಬೈದರು. ಆ ಬೈಗುಳವನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿ ಸಂತೋಷಪಟ್ಟೆ. ಕಾಕಾ ರಿಸಾರ್ಟಿಗೆ ಮತ್ತೆ ಹೋದನೇ? ಹೋಗಲಿಲ್ಲ ಎನ್ನುತ್ತಾನೆ. ಕೆಲವು ಶನಿವಾರ ಅವನು ಮಧ್ಯಾಹ್ನವಿಡೀ ಮನೆಯಲ್ಲಿರುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಆದರೆ ದೇವರ ಕೋಣೆಯ ಹೊಸ್ತಿಲಿಗೆ ಹಾಳೆ ಹಿಡಿದು ಬರಲಿಲ್ಲ.

ಮನುಷ್ಯ ಮಾತ್ರ ಬದಲಾಗಲಿಲ್ಲ. ಈಗ ಅವನಿಗೆ ವಯಸ್ಸಾಗಿದೆ. ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತು ಈ ಕಥೆಯನ್ನು ತಾನೇ ಹೇಳುತ್ತಾನೆ. ಅದರಲ್ಲಿ ರಿಸಾರ್ಟು ಇರುವುದಿಲ್ಲ, ಕುದುರೆಗಳಿರುವುದಿಲ್ಲ. ವೆಂಕಪ್ಪ, ಹೂವು ಮತ್ತು ಅವನ ಭಕ್ತಿ ಮಾತ್ರ ಇರುತ್ತವೆ. ಎಷ್ಟು ಸಲ, ಎಷ್ಟು ಗಟ್ಟಿಯಾಗಿ ಹೇಳಿದ್ದಾನೆಂದರೆ ಅಮ್ಮ ಕೂಡ ಈಗ ಹಾಗೇ ಆಯಿತೆನ್ನುತ್ತಾಳೆ. ನನಗೇ ಕೆಲವೊಮ್ಮೆ, ಆ ಹೂ ನಿಜಕ್ಕೂ ಬಿದ್ದಿತ್ತೇ, ಸಿಟ್ಟಿನಲ್ಲಿ ನಾನೇ ಅದನ್ನು ನೆನಪಿನೊಳಗೆ ಮತ್ತೆ ಮೂರ್ತಿಗೆ ಅಂಟಿಸಿದೆನೇ ಎಂದು ಅನುಮಾನ ಬರುತ್ತದೆ.

ಹೋದ ತಿಂಗಳು ನಾನು ಬೀದರಿಗೆ ಹೋದದ್ದೂ ಇಂಥದೇ ಒಂದು ಮದುವೆಗೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕಾಕಾ ಬೀಗರಿಗೆ ಹೇಳುತ್ತಿದ್ದ: "ಎಲ್ಲಾರೂ ಆಸಿ ಬಿಟ್ಟಿದ್ದಿವ್ರಿ. ನಾ ಕೈಮುಗದು ಕುಂತೆ. ಬಲಗಡಿ ಹೂ ದಪ್ಪನ ಬಿತ್ತು ನೋಡ್ರಿ!"

ಎದುರು ಸಾಲಿನಲ್ಲಿ ಕಾಕು ಊಟ ಮಾಡುತ್ತಿದ್ದಳು. ತುತ್ತು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟಳು.

"ಬೀಳಲಿಲ್ರಿ ಅದು," ಎಂದಳು ಬೀಗರಿಗೆ. "ನಾನ ತಗದೆ."